ಬೇರಿಂಗ್ ಕಂಪನದ ಟಿಪ್ಪಣಿ: ಶೇ. 99 ನಿಖರತೆಗೆ ಮರುಳಾಗುವ ಮೊದಲು

ಕಂಪನದ ಬಗ್ಗೆ ಈಚಿನ ಸಂಶೋಧನಾ ಲೇಖನ ಹುಡುಕಿದರೆ ಒಂದೇ ಧಾಟಿ ಮತ್ತೆ ಮತ್ತೆ ಸಿಗುತ್ತದೆ. ಬೇರಿಂಗ್ ದೋಷ ಪತ್ತೆ, ಡೀಪ್ ಲರ್ನಿಂಗ್ (ಕಂಪ್ಯೂಟರ್‌ನ ನೆಟ್‌ವರ್ಕ್ ಡೇಟಾ ನೋಡಿ ತಾನೇ ಕಲಿಯುವ ವಿಧಾನ), ನಿಖರತೆ ಶೇ. 99ಕ್ಕಿಂತ ಜಾಸ್ತಿ. ಶಿವಮೊಗ್ಗದಲ್ಲಿ ಮೆಕ್ಯಾನಿಕಲ್ ಓದುವವರಿಗೆ ಇದು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಹೇಳಿ ಮಾಡಿಸಿದ ವಿಷಯ. ಡೇಟಾ ಪುಕ್ಕಟೆ ಸಿಗುತ್ತದೆ, ಕೋಡ್ ಸಿಗುತ್ತದೆ, ಫಲಿತಾಂಶವೂ ಚೆಂದ ಬರುತ್ತದೆ. ಆದರೆ ಆ ಫಲಿತಾಂಶ ತೀರ್ಥಹಳ್ಳಿಯ ಅಡಿಕೆ ಸುಲಿಯುವ ಮೆಷಿನ್ ಮೇಲೆ ನಿಲ್ಲುತ್ತದೆಯೇ? ಈ ಟಿಪ್ಪಣಿ ಅದರ ಬಗ್ಗೆ. ಯಾವ ನೆಟ್‌ವರ್ಕ್ ಬಳಸಿದ್ದಾರೆ ಅನ್ನುವುದಕ್ಕಿಂತ ಡೇಟಾವನ್ನು ತರಬೇತಿಗೂ ಪರೀಕ್ಷೆಗೂ ಹೇಗೆ ಹಂಚಿದ್ದಾರೆ ಅನ್ನುವುದೇ ದೊಡ್ಡ ಪ್ರಶ್ನೆ ಅಂತ ನನಗೆ ಅನಿಸುತ್ತದೆ. ಅದು ತಲೆಗೆ ಹೋಗಬೇಕಾದರೆ ಮೊದಲು ಬೇರಿಂಗ್ ಲೆಕ್ಕ ಗೊತ್ತಿರಬೇಕು.

ಬಾಲ್ ಎಷ್ಟು ಸಲ ಬಡಿಯುತ್ತದೆ

ಹೊರ ರೇಸ್‌ನಲ್ಲಿ ಒಂದು ಸಣ್ಣ ಗುಳಿ ಬಿದ್ದಿದೆ ಅಂದುಕೊಳ್ಳಿ. (ಬೇರಿಂಗ್‌ನಲ್ಲಿ ಬಾಲ್‌ಗಳು ಎರಡು ಉಂಗುರಗಳ ನಡುವೆ ಉರುಳುತ್ತವೆ. ಆ ಉಂಗುರಗಳೇ ಹೊರ ರೇಸ್, ಒಳ ರೇಸ್.) ಪ್ರತಿ ಬಾಲ್ ಅದರ ಮೇಲೆ ಹಾಯುವಾಗ ಒಂದು ಬಡಿತ. ಸೆಕೆಂಡಿಗೆ ಎಷ್ಟು ಬಡಿತ ಅನ್ನುವುದು ಬರೀ ಜ್ಯಾಮಿತಿ. ಬಾಲ್ ವ್ಯಾಸವನ್ನು ಪಿಚ್ ವ್ಯಾಸದಿಂದ (ಬಾಲ್‌ಗಳ ನಡುಬಿಂದುಗಳು ಸುತ್ತುವ ವೃತ್ತದ ವ್ಯಾಸ) ಭಾಗಿಸಿ. ಬಂದದ್ದನ್ನು 1ರಿಂದ ಕಳೆಯಿರಿ. ಅದನ್ನು ಬಾಲ್‌ಗಳ ಸಂಖ್ಯೆಯ ಅರ್ಧದಿಂದ ಗುಣಿಸಿ, ಮತ್ತೆ ಶಾಫ್ಟ್ ವೇಗದಿಂದ ಗುಣಿಸಿ. ಒಳ ರೇಸ್‌ಗಾದರೆ ಕಳೆಯುವ ಬದಲು ಕೂಡಿಸಿ, ಅಷ್ಟೇ. (ಬಾಲ್ ರೇಸನ್ನು ಎಷ್ಟು ಓರೆಯಾಗಿ ಮುಟ್ಟುತ್ತದೆ ಅನ್ನುವ ಕಾಂಟ್ಯಾಕ್ಟ್ ಕೋನ ಸೊನ್ನೆ ಅಂತ ಹಿಡಿದಿದ್ದೇನೆ.)

6205 ಅನ್ನುವ ನಂಬರಿನ ಬೇರಿಂಗ್ ತೆಗೆದುಕೊಳ್ಳೋಣ. ಬಾಲ್ 9, ಬಾಲ್ ವ್ಯಾಸ 7.94 ಮಿ.ಮೀ., ಪಿಚ್ ವ್ಯಾಸ 39.04 ಮಿ.ಮೀ. ಹೊರ ರೇಸ್‌ಗೆ 3.585, ಒಳ ರೇಸ್‌ಗೆ 5.415 ಅನ್ನುವ ಗುಣಕ (ಶಾಫ್ಟ್‌ನ ಒಂದು ಸುತ್ತಿಗೆ ಎಷ್ಟು ಬಡಿತ) ಬರುತ್ತದೆ. ಸುಲಿಯುವ ಮೆಷಿನ್‌ನ ಮೋಟಾರ್‌ನಲ್ಲಿ ಇದೇ ಬೇರಿಂಗ್ ಇದ್ದು, ಅದು ನಿಮಿಷಕ್ಕೆ 1440 ಸುತ್ತು ತಿರುಗಿದರೆ ಶಾಫ್ಟ್ ವೇಗ 24 ಹರ್ಟ್ಸ್. ಹೊರ ರೇಸ್ ದೋಷ 86 ಹರ್ಟ್ಸ್‌ನಲ್ಲಿ, ಒಳ ರೇಸ್ ದೋಷ 130 ಹರ್ಟ್ಸ್‌ನಲ್ಲಿ ಕಾಣಬೇಕು.

ಒಳ ರೇಸ್ ತಾನೇ ತಿರುಗುವುದರಿಂದ ಅದರ ಗುಳಿ ಭಾರ ಬೀಳುವ ಜಾಗಕ್ಕೆ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಹಾಗಾಗಿ 130ರ ಎರಡೂ ಪಕ್ಕ 24 ಹರ್ಟ್ಸ್ ದೂರದಲ್ಲಿ, ಅಂದರೆ 106 ಮತ್ತು 154ರಲ್ಲಿ, ಜೊತೆಗಾರ ಶಿಖರಗಳು ಏಳುತ್ತವೆ. ಇವು ಇದ್ದರೆ ಒಳ ರೇಸ್ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಸಿಂಗಲ್ ಫೇಸ್ ಮೋಟಾರ್ ಆದರೆ 100 ಹರ್ಟ್ಸ್‌ನಲ್ಲೂ ಒಂದು ಶಿಖರ ಇದ್ದೇ ಇರುತ್ತದೆ. ಅದು ಕರೆಂಟಿನದು, ಬೇರಿಂಗಿನದಲ್ಲ.

ಇನ್ನೊಂದು ಮಾತು. ಬಾಲ್‌ಗಳು ಸ್ವಲ್ಪ ಜಾರುತ್ತವೆ. ಲೆಕ್ಕಕ್ಕೂ ಅಳತೆಗೂ ಶೇ. 1–2 ವ್ಯತ್ಯಾಸ ಇದ್ದರೆ ಗಾಬರಿ ಬೇಡ.

ಎನ್ವಲಪ್ ಯಾಕೆ ಬೇಕು

ನೇರವಾಗಿ ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ತೋರಿಸುವ ಲೆಕ್ಕ) ಹಾಕಿದರೆ 86 ಹರ್ಟ್ಸ್ ಬಹಳ ಸಲ ಕಾಣುವುದೇ ಇಲ್ಲ. ಬಡಿತ ತುಂಬಾ ಚಿಕ್ಕದು. ಅದರ ಶಕ್ತಿ ಬೇರಿಂಗ್ ಮನೆಯ (ಹೌಸಿಂಗ್‌ನ) ಸ್ವಂತ ಅನುರಣನಕ್ಕೆ, ಕೆಲವು ಸಾವಿರ ಹರ್ಟ್ಸ್‌ನ ಕಡೆಗೆ, ಹೋಗಿ ಸೇರುತ್ತದೆ. ದೇವಸ್ಥಾನದ ಗಂಟೆಯಲ್ಲೂ ಹೀಗೇ. ನಾದ ಗಂಟೆಯ ಲೋಹದ್ದು. ನಿಮಿಷಕ್ಕೆ ಎಷ್ಟು ಸಲ ಬಡಿದರು ಅನ್ನುವುದು ನಾದದಲ್ಲಿಲ್ಲ, ನಾದ ಏರಿಳಿಯುವ ರೀತಿಯಲ್ಲಿದೆ. ಆ ಏರಿಳಿತವನ್ನು ಹಿಡಿಯುವುದೇ ಎನ್ವಲಪ್ ವಿಶ್ಲೇಷಣೆ. ಅನುರಣನ ಇರುವ ಆವರ್ತನ ಪಟ್ಟಿಯನ್ನು (ಬ್ಯಾಂಡ್) ಫಿಲ್ಟರ್ ಮಾಡಿ, ಹಿಲ್ಬರ್ಟ್ ಪರಿವರ್ತನೆ ಅನ್ನುವ ಗಣಿತದಿಂದ ಹೊರರೇಖೆ (ಎನ್ವಲಪ್) ತೆಗೆದು, ಅದರ ಎಫ್‌ಎಫ್‌ಟಿ ನೋಡಬೇಕು.

ಯಾವ ಪಟ್ಟಿ ಆರಿಸಬೇಕು ಅನ್ನುವುದೇ ಕಷ್ಟದ ಕೆಲಸ. ಫ್ರಾನ್ಸಿನ ಜೆರೋಮ್ ಆಂತೋನಿ 2006ರಲ್ಲಿ, ಯಾವ ಆವರ್ತನದಲ್ಲಿ ಸಿಗ್ನಲ್ ಎಷ್ಟು ಚೂಪಾಗಿದೆ ಅಂತ ಅಳೆಯುವ ಸ್ಪೆಕ್ಟ್ರಲ್ ಕುರ್ಟೋಸಿಸ್‌ಗೆ ಗಟ್ಟಿ ತಳಪಾಯ ಹಾಕಿದರು. 2007ರಲ್ಲಿ ಬಂದ ಅವರ ಫಾಸ್ಟ್ ಕುರ್ಟೋಗ್ರಾಮ್, ಬಡಿತಗಳು ಅತಿ ಚೂಪಾಗಿರುವ ಪಟ್ಟಿಯನ್ನು ತಾನೇ ಹುಡುಕುತ್ತದೆ. ಇವತ್ತಿಗೂ ಹೊಸ ವಿಧಾನಗಳನ್ನು ಇದರ ಜೊತೆ ಹೋಲಿಸುತ್ತಾರೆ.

ಇದರಿಂದ ಒಂದು ಸಂಗತಿ ಸ್ಪಷ್ಟ. ಫೋನಿನ ಸೆನ್ಸರ್ ಇಟ್ಟು ಬೇರಿಂಗ್ ದೋಷ ಹಿಡಿಯುತ್ತೇವೆ ಅನ್ನುವ ಪ್ರಾಜೆಕ್ಟ್ ನಡೆಯುವುದು ಕಷ್ಟ. ಫೋನ್ ಸೆಕೆಂಡಿಗೆ ಕೆಲವು ನೂರು ಸಲ ಮಾತ್ರ ಅಳೆಯುತ್ತದೆ. ಕಿಲೋಹರ್ಟ್ಸ್ ಅನುರಣನ ಅದಕ್ಕೆ ಸಿಗುವುದಿಲ್ಲ. ಬ್ಯಾಲೆನ್ಸ್ ತಪ್ಪಿದ್ದು, ಫೌಂಡೇಶನ್ ಬೋಲ್ಟ್ ಸಡಿಲವಾದದ್ದು ನೋಡಲು ಫೋನ್ ಸಾಕು.

ಮಲೆನಾಡಿನ ಗುಳಿ ಬೇರೆ ಥರ

ಪ್ರಯೋಗಾಲಯದ ಡೇಟಾದಲ್ಲಿ ಸಾಮಾನ್ಯವಾಗಿ ಒಂದೇ ಗುಳಿ ಇರುತ್ತದೆ. ನಮ್ಮ ಕಡೆ ಹಾಗಲ್ಲ. ಸುಲಿಯುವ ಮೆಷಿನ್ ಅಡಿಕೆ ಸುಗ್ಗಿಯಲ್ಲಿ ಎಡೆಬಿಡದೆ ಓಡುತ್ತದೆ. ಆಮೇಲೆ ಮಳೆಗಾಲವಿಡೀ ಶೆಡ್ಡಿನ ಮೂಲೆಯಲ್ಲಿ ನಿಂತಿರುತ್ತದೆ. ಹೊಸನಗರ, ಆಗುಂಬೆ ಕಡೆಯ ಮಳೆಗೆ ಗ್ರೀಸ್ ಒಳಗೂ ತೇವ ಸೇರುತ್ತದೆ. ಬಾಲ್ ಮತ್ತು ರೇಸ್ ಮುಟ್ಟುವ ಸಣ್ಣ ಸಂದಿಯಲ್ಲಿ ನೀರು ನಿಲ್ಲುತ್ತದೆ. ಅಲ್ಲೇ ತುಕ್ಕು ಹಿಡಿಯುತ್ತದೆ. ಅಂಥ ಬೇರಿಂಗ್ ಬಿಚ್ಚಿ, ಗ್ರೀಸ್ ಒರೆಸಿ ನೋಡಿದರೆ ರೇಸ್ ಮೇಲೆ ಕಂದು ಕಲೆಗಳು ಸಾಲಾಗಿ ಇರುತ್ತವೆ. ಕಲೆಯಿಂದ ಕಲೆಗೆ ಇರುವ ದೂರ ಬಾಲ್‌ನಿಂದ ಬಾಲ್‌ಗೆ ಇರುವ ದೂರವೇ. ಒಂಬತ್ತು ಬಾಲ್ ಆದರೆ 40 ಡಿಗ್ರಿಗೊಂದು.

ಬಾಡಿಗೆ ಮೆಷಿನ್‌ಗಳ ಕಥೆಯೂ ಹತ್ತಿರ ಹತ್ತಿರ ಇದೇ. ಪಿಕಪ್‌ನಲ್ಲಿ ಹೇರಿಕೊಂಡು ಮನೆಯಿಂದ ಮನೆಗೆ ಹೋಗುವಾಗ ಶಾಫ್ಟ್ ತಿರುಗುವುದಿಲ್ಲ, ಆದರೆ ಕುಲುಕಾಟ ನಿಲ್ಲುವುದಿಲ್ಲ. ಬಾಲ್ ಕೂತ ಜಾಗದಲ್ಲೇ ಉಜ್ಜಿ ರೇಸ್ ಸವೆಯುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಫಾಲ್ಸ್ ಬ್ರಿನೆಲಿಂಗ್ ಅನ್ನುತ್ತಾರೆ. ಗುರುತು ಮತ್ತೆ ಬಾಲ್ ಅಂತರದಲ್ಲೇ.

ಈಗ ಯೋಚಿಸಿ. ಗುಳಿಗಳ ಅಂತರವೂ ಬಾಲ್‌ಗಳ ಅಂತರವೂ ಒಂದೇ ಆದರೆ, ಒಂದು ಬಾಲ್ ಗುಳಿಗೆ ಬೀಳುವ ಹೊತ್ತಿಗೆ ಉಳಿದವೂ ತಮ್ಮ ತಮ್ಮ ಗುಳಿಗೆ ಬೀಳುತ್ತವೆ. ಭಾರ ಹೊತ್ತ ಭಾಗದ ಬಡಿತಗಳೆಲ್ಲ ಒಟ್ಟಿಗೇ. ಆವರ್ತನ ಅದೇ 86 ಹರ್ಟ್ಸ್! ಬಡಿತದ ಜೋರು ಮಾತ್ರ ಬೇರೆ. ಒಂದು ದೊಡ್ಡ ಗುಳಿಯೋ, ನಾಲ್ಕು ಸಣ್ಣ ಗುಳಿಯೋ ಅಂತ ಆವರ್ತನ ನೋಡಿ ಹೇಳಲಾಗುವುದಿಲ್ಲ. ಶಿಖರದ ಎತ್ತರದಿಂದ ದೋಷದ ಗಾತ್ರ ಹೇಳಲು ಕಲಿತ ಕಂಪ್ಯೂಟರ್ ಮಾದರಿ ಇಲ್ಲಿ ದಾರಿ ತಪ್ಪುತ್ತದೆ. ಈ ವಿಷಯವೊಂದನ್ನೇ ಹಿಡಿದು ಒಳ್ಳೆಯ ಪ್ರಾಜೆಕ್ಟ್ ಮಾಡಬಹುದು.

ವೋಲ್ಟೇಜ್ ಇನ್ನೊಂದು ತಲೆನೋವು. ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ. ಇಂಡಕ್ಷನ್ ಮೋಟಾರ್‌ನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣ, ಹಾಗಾಗಿ ಅದೇ ಹೊರೆಗೆ ಸ್ಲಿಪ್ ಏರುತ್ತದೆ, ಅಂದರೆ ವೇಗ ಇಳಿಯುತ್ತದೆ. 1440 ಇದ್ದದ್ದು 1400ಕ್ಕೆ ಇಳಿದರೆ 86 ಹರ್ಟ್ಸ್ 83.7ಕ್ಕೆ ಬರುತ್ತದೆ. ಹರ್ಟ್ಸ್ ಬಿಟ್ಟು ಶಾಫ್ಟ್ ಸುತ್ತಿಗೆ ಎಷ್ಟು ಬಡಿತ ಅಂತ ನೋಡಿದರೆ 3.585 ಮಾತ್ರ ಕದಲುವುದಿಲ್ಲ. ಆರ್ಡರ್ ಟ್ರ್ಯಾಕಿಂಗ್ ಅಂದರೆ ಇದೇ. ವೇಗ ಅಳೆಯಲು ಒಂದು ಟ್ಯಾಕೋಮೀಟರ್ ಜೊತೆಗಿರಲಿ.

ಆ ಶೇ. 99 ಎಲ್ಲಿಂದ ಬರುತ್ತದೆ

ಅತಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಡೇಟಾ. ಡ್ರೈವ್ ತುದಿಯಲ್ಲಿ ನಾವು ಲೆಕ್ಕ ಹಾಕಿದ ಅದೇ 6205. ಗುಳಿಗಳನ್ನು ವಿದ್ಯುತ್ ಕಿಡಿಯಿಂದ ಕೊರೆದದ್ದು. ವ್ಯಾಸ 0.007, 0.014, 0.021 ಇಂಚು. ಹೊರೆ 0ಯಿಂದ 3 ಎಚ್‌ಪಿ, ವೇಗ ನಿಮಿಷಕ್ಕೆ ಸುಮಾರು 1797ರಿಂದ 1730 ಸುತ್ತು. ಸೆಕೆಂಡಿಗೆ 12,000 ಅಥವಾ 48,000 ಅಳತೆ.

ಬಹಳ ಲೇಖನಗಳಲ್ಲಿ ಮಾಡುವುದು ಇಷ್ಟು. ಒಂದೊಂದು ರೆಕಾರ್ಡಿಂಗನ್ನು 1024 ಅಥವಾ 2048 ಅಳತೆಗಳ ತುಂಡು ಮಾಡುತ್ತಾರೆ, ಕೆಲವೊಮ್ಮೆ ಒಂದರ ಮೇಲೊಂದು ಬರುವಂತೆ. ಎಲ್ಲ ತುಂಡುಗಳನ್ನೂ ಕಲಸಿ, ಒಂದು ಪಾಲನ್ನು ತರಬೇತಿಗೆ, ಉಳಿದದ್ದನ್ನು ಪರೀಕ್ಷೆಗೆ ಇಡುತ್ತಾರೆ. ಆಗ ಪರೀಕ್ಷೆಯ ತುಂಡಿನ ಅಕ್ಕಪಕ್ಕದವು ತರಬೇತಿಯಲ್ಲೇ ಇರುತ್ತವೆ. ಅದೇ ಬೇರಿಂಗ್, ಅದೇ ಜೋಡಣೆ, ಅದೇ ಬೋಲ್ಟ್ ಬಿಗಿ. ನೆಟ್‌ವರ್ಕ್ ಆ ಒಂದು ಬೇರಿಂಗನ್ನು ಗುರುತು ಹಿಡಿಯಲು ಕಲಿತರೂ ಸಾಕು, ಪೂರ್ತಿ ಅಂಕ ಬರುತ್ತದೆ. ದೋಷ ಅಂದರೇನು ಅಂತ ಕಲಿಯಬೇಕಾಗಿಲ್ಲ. ಹೊರೆ ಬದಲಿಸಿ ಪರೀಕ್ಷೆ ಮಾಡಿದ್ದೇವೆ ಅಂದರೂ ಸಮಸ್ಯೆ ಹೋಗುವುದಿಲ್ಲ, ಯಾಕೆಂದರೆ ಬೇರಿಂಗ್ ಅದೇ. ಇದಕ್ಕೆ ಡೇಟಾ ಸೋರಿಕೆ ಅನ್ನುತ್ತಾರೆ.

ವೇಡ್ ಸ್ಮಿತ್ ಮತ್ತು ರಾಬರ್ಟ್ ರ‍್ಯಾಂಡಲ್ 2015ರಲ್ಲಿ ಈ ಡೇಟಾವನ್ನು ಒಂದೊಂದಾಗಿ ಎನ್ವಲಪ್ ವಿಧಾನದಿಂದ ಪರಿಶೀಲಿಸಿದರು. ಕೆಲವು ಕಣ್ಣಿಗೆ ರಾಚುವಷ್ಟು ಸುಲಭ. ಕೆಲವದರಲ್ಲಿ, ಇದೆ ಅಂತ ಹೇಳಿದ್ದ ದೋಷದ ಲಕ್ಷಣವೇ ಸಿಗಲಿಲ್ಲ. ಅಂಥ ರೆಕಾರ್ಡಿಂಗಿಗೂ ಒಂದು ಮಾದರಿ ಶೇ. 100 ಸರಿಯುತ್ತರ ಕೊಟ್ಟರೆ, ಅದು ಏನನ್ನು ನೋಡಿ ಹೇಳಿತು ಅಂತ ಕೇಳಲೇಬೇಕು ಅಲ್ವಾ? ನೀವು ಒಂದೇ ಲೇಖನ ಓದುವುದಾದರೆ ಇದನ್ನು ಓದಿ.

ಜರ್ಮನಿಯ ಪಾಡರ್‌ಬಾರ್ನ್ ವಿಶ್ವವಿದ್ಯಾಲಯದ 2016ರ ಡೇಟಾ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು. ಅದರಲ್ಲಿ 6203 ಮಾದರಿಯ 32 ಬೇರಿಂಗ್ ಇವೆ. 6 ಸರಿಯಾದವು, 12ಕ್ಕೆ ಕೈಯಾರೆ ದೋಷ ಮಾಡಿದ್ದು, 14 ನಿಜವಾಗಿ ಓಡಿಸಿ ಸವೆಸಿದ್ದು. ಕೃತಕ ದೋಷದ ಮೇಲೆ ಕಲಿಸಿ ನಿಜ ದೋಷದ ಮೇಲೆ ಪರೀಕ್ಷಿಸಿದರೆ ನಿಖರತೆ ಕಣ್ಣಿಗೆ ಕಾಣುವಷ್ಟು ಕುಸಿಯುತ್ತದೆ. ಈಗಿನ ಸಂಶೋಧನೆಯ ನಿಜವಾದ ಹೋರಾಟ ಈ ಕುಸಿತದ ಜೊತೆ. ಟ್ರಾನ್ಸ್‌ಫರ್ ಲರ್ನಿಂಗ್ (ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಹೊಂದಿಸುವುದು), ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ಸಿಗ್ನಲ್‌ನಿಂದ ತರಬೇತಿ, ಬಡಿತದ ಗುಣಕವನ್ನೇ ನೆಟ್‌ವರ್ಕ್ ಒಳಗೆ ಕೂರಿಸುವುದು, ಎಲ್ಲವೂ ಇದೇ ಕಂದಕ ದಾಟಲು. ಮೂರನೆಯದರ ಮೇಲೆ ನನಗೆ ಹೆಚ್ಚು ಭರವಸೆ. ವೋಲ್ಟೇಜ್ ಇಳಿದರೂ ಗುಣಕ ಬದಲಾಗುವುದಿಲ್ಲವಲ್ಲ.

ಜೋಗದ ಕಡೆಯ ಹುಡುಗರು ಇದನ್ನೇ ಶರಾವತಿ ಟರ್ಬೈನ್‌ಗೆ ಹಾಕಬಹುದೇ ಅಂತ ಕೇಳುವುದುಂಟು. ಆಗುವುದಿಲ್ಲ. ಅಂಥ ದೊಡ್ಡ ಜಲವಿದ್ಯುತ್ ಯಂತ್ರಗಳ ಗೈಡ್ ಬೇರಿಂಗ್‌ನಲ್ಲಿ (ಶಾಫ್ಟ್ ಪಕ್ಕಕ್ಕೆ ಸರಿಯದಂತೆ ಹಿಡಿಯುವುದು) ಬಾಲ್ ಇಲ್ಲ, ಎಣ್ಣೆಯ ಪದರದ ಮೇಲೆ ಶಾಫ್ಟ್ ತಿರುಗುತ್ತದೆ. ಅಲ್ಲಿ ಶಾಫ್ಟ್ ಎಷ್ಟು ಸರಿಯುತ್ತದೆ ಅಂತ ಪ್ರಾಕ್ಸಿಮಿಟಿ ಪ್ರೋಬ್ ಅನ್ನುವ, ಮುಟ್ಟದೆ ದೂರ ಅಳೆಯುವ ಸೆನ್ಸರ್‌ನಿಂದ ನೋಡುತ್ತಾರೆ.

ಪ್ರಾಜೆಕ್ಟ್ ಶುರು ಮಾಡುವವರು ಮೊದಲು ಎನ್ವಲಪ್ ಹಾಕಿ, ಗುಣಕ ಸಿಗುತ್ತದೆಯೇ ಕೈಯಾರೆ ನೋಡಿ. ಆಮೇಲೆ ಡೇಟಾವನ್ನು ತುಂಡಿನ ಲೆಕ್ಕದಲ್ಲಿ ಹಂಚಬೇಡಿ, ಬೇರಿಂಗ್ ಲೆಕ್ಕದಲ್ಲಿ ಹಂಚಿ. ಪರೀಕ್ಷೆಯ ಬೇರಿಂಗ್ ತರಬೇತಿಯಲ್ಲಿ ಒಮ್ಮೆಯೂ ಬಂದಿರಬಾರದು. ನಿಖರತೆ ಶೇ. 70ಕ್ಕೆ ಇಳಿದರೆ ಇಳಿಯಲಿ, ಅದನ್ನೇ ವರದಿಯಲ್ಲಿ ಬರೆಯಿರಿ. ಯಾವ ಬೇರಿಂಗ್‌ನಲ್ಲಿ ತಪ್ಪಿತು, ಅದರ ರೇಸ್ ಬಿಚ್ಚಿ ನೋಡಿದಾಗ ಏನಿತ್ತು ಅನ್ನುವುದರ ಫೋಟೋ ಕೂಡ ಹಾಕಿ.