ಆಕ್ಸಿಜನ್ ಸೆನ್ಸರ್: ಬದಲಿಸುವ ಮೊದಲು ತಿಳಿದಿರಬೇಕಾದದ್ದು

ಹಳೆಯ ಪೆಟ್ರೋಲ್ ಕಾರಿನ ಮೈಲೇಜ್ ಇಳಿದು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು ಎನ್ನಿ. ಗೋಣಿಕೊಪ್ಪಕ್ಕೆ ಹೋಗಲಿ, ಕುಶಾಲನಗರಕ್ಕೆ ಹೋಗಲಿ, ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಆಕ್ಸಿಜನ್ ಸೆನ್ಸರ್ ಹೋಗಿರಬೇಕು’ ಎಂಬುದೇ. ಹೋಗಿರಲೂಬಹುದು. ಆದರೆ ಅದು ಅಳೆಯುವುದು ಏನನ್ನು ಎಂದು ತಿಳಿಯದೆ ಬದಲಿಸಿದರೆ, ಸಾವಿರಾರು ರೂಪಾಯಿ ಕೈಬಿಟ್ಟ ಮೇಲೂ ಅದೇ ದೀಪ ಮತ್ತೆ ಹೊತ್ತುವುದುಂಟು.

ಎಂಜಿನ್ನಿನಿಂದ ಹೊರಬೀಳುವ ಹೊಗೆಯಲ್ಲಿ ಬಳಕೆಯಾಗದೆ ಉಳಿದ ಆಮ್ಲಜನಕವನ್ನು ಅಳೆಯುವ ಸಾಧನ ಆಕ್ಸಿಜನ್ ಸೆನ್ಸರ್. ಗಾತ್ರದಲ್ಲಿ ಸ್ಪಾರ್ಕ್ ಪ್ಲಗ್ಗಿಗಿಂತ ಸ್ವಲ್ಪ ದಪ್ಪ. ಸೈಲೆನ್ಸರ್ ಕೊಳವೆ ಶುರುವಾಗುವಲ್ಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಅಥವಾ ಅದರ ಕೆಳಗೆ ಥ್ರೆಡ್ ಹಾಕಿ ಕೂರಿಸಿರುತ್ತಾರೆ. ಒಳಗಿರುವುದು ಜಿರ್ಕೋನಿಯಂ ಆಕ್ಸೈಡ್ ಎಂಬ ಪಿಂಗಾಣಿಯಂಥ ವಸ್ತುವಿನ, ಒಂದು ತುದಿ ಮುಚ್ಚಿದ ಪುಟ್ಟ ಕೊಳವೆ. ಅದರ ಒಳಹೊರಗೆ ಪ್ಲಾಟಿನಂ ಲೇಪ. ಹೊರಮೈಗೆ ಹೊಗೆ ತಾಗುತ್ತದೆ, ಒಳಮೈಗೆ ಹೊರಗಿನ ಶುದ್ಧ ಗಾಳಿ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಈ ಎರಡು ಕಡೆಗಳ ಆಮ್ಲಜನಕದ ವ್ಯತ್ಯಾಸವೇ ವಿದ್ಯುತ್ತಾಗಿ ಹೊಮ್ಮುತ್ತದೆ. ಹೊಗೆಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆಯಾದರೆ, ಅಂದರೆ ಪೆಟ್ರೋಲ್ ಹೆಚ್ಚಾಗಿದ್ದರೆ, ಸುಮಾರು 0.9 ವೋಲ್ಟ್. ಆಮ್ಲಜನಕ ಮಿಕ್ಕಿದ್ದರೆ 0.1 ವೋಲ್ಟ್. ಎಂಜಿನ್ನಿನ ಕಂಪ್ಯೂಟರ್ ಈ ಅಂಕಿ ನೋಡಿಕೊಂಡು ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ನಿಜಕ್ಕೂ ಒಳಗೆ ಹೋದ ಗಾಳಿಗೂ ಬೇಕಾದ ಗಾಳಿಗೂ ಇರುವ ಅನುಪಾತಕ್ಕೆ ಎಂಜಿನಿಯರುಗಳು ಲ್ಯಾಂಬ್ಡಾ ಎಂಬ ಗ್ರೀಕ್ ಅಕ್ಷರ ಬಳಸುತ್ತಾರೆ. ಹಾಗಾಗಿ ಇದಕ್ಕೆ ಲ್ಯಾಂಬ್ಡಾ ಸೆನ್ಸರ್ ಎಂಬ ಹೆಸರೂ ಇದೆ. ಜರ್ಮನಿಯ ಬಾಷ್ ಸಂಸ್ಥೆ ತಯಾರಿಸಿದ ಈ ಸೆನ್ಸರ್ ಮೊದಲು ಬಂದದ್ದು 1976ರಲ್ಲಿ, ಅಮೆರಿಕದ ಮಾರುಕಟ್ಟೆಗೆ ಹೋದ ವೋಲ್ವೊ ಕಾರುಗಳಲ್ಲಿ. ನಮ್ಮಲ್ಲಿ ಅದು ಮನೆಮಾತಾದದ್ದು 2000ದ ಸುಮಾರಿಗೆ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನು ಇಂಜೆಕ್ಟರುಗಳಿಂದ ಚಿಮ್ಮಿಸುವ ಎಂಜಿನ್‌ಗಳು ಬಂದ ಮೇಲೆ. ಕೊಡಗಿನ ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಡೀಸೆಲ್ ಜೀಪುಗಳಲ್ಲಿ ಇದು ಇಲ್ಲ. ಕಂಪ್ಯೂಟರಿಲ್ಲದೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಹಳೆಯ ಮಾರುತಿ, ಓಮ್ನಿಗಳಲ್ಲಿಯೂ ಸಾಮಾನ್ಯವಾಗಿ ಇರುವುದಿಲ್ಲ. ಎಂಪಿಎಫ್‌ಐ ಆದ ನಂತರದ 800, ಆಲ್ಟೊ, ಜಿಪ್ಸಿಗಳ ಮಾಲೀಕರಿಗೆ ಈ ಮಾತು ಸಂಬಂಧಿಸಿದ್ದು.

ಮಂಗಳೂರಿನ ಕಡಲಮಟ್ಟದಿಂದ ಸಂಪಾಜೆ ಘಾಟಿ ಹತ್ತಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ ಬರುವಷ್ಟರಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚೇ ಇಳಿದಿರುತ್ತದೆ. ಕಾರ್ಬ್ಯುರೇಟರಿಗೆ ಅದು ಗೊತ್ತಾಗುವುದಿಲ್ಲ. ಕೆಳಗೆ ಕೊಡುತ್ತಿದ್ದ ಲೆಕ್ಕದಲ್ಲೇ ಪೆಟ್ರೋಲ್ ಸುರಿದು ಕಪ್ಪು ಹೊಗೆ ಕಾರುತ್ತದೆ. ಎಂಪಿಎಫ್‌ಐ ಕಾರಿನಲ್ಲಿ ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಮೊದಲ ಲೆಕ್ಕ ಕೊಡುತ್ತದೆ, ಅದರಲ್ಲಿ ಉಳಿದ ತಪ್ಪನ್ನು ಆಕ್ಸಿಜನ್ ಸೆನ್ಸರ್ ತಿದ್ದಿಸುತ್ತದೆ. ಆದರೆ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಕಂಪ್ಯೂಟರ್ ಈ ಸೆನ್ಸರಿನ ಮಾತನ್ನು ಬದಿಗಿಟ್ಟು, ಎಂಜಿನ್ನಿಗೆ ಬಲ ಬೇಕೆಂದು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಆದ್ದರಿಂದ ಘಾಟಿಯಲ್ಲಿ ಮಾತ್ರ ಎಳೆತ ಕಡಿಮೆ, ಸಮ ರಸ್ತೆಯಲ್ಲಿ ಎಲ್ಲ ಸರಿ ಎನ್ನುವವರು ಮೊದಲು ಪೆಟ್ರೋಲ್ ಪಂಪ್, ಫಿಲ್ಟರ್, ಕ್ಲಚ್ ನೋಡಿಸುವುದು ಒಳ್ಳೆಯದು.

ನಾನು ಒತ್ತಿ ಹೇಳಬೇಕೆಂದಿರುವುದು ಇಷ್ಟು: ಈ ಸೆನ್ಸರ್ ಪೆಟ್ರೋಲನ್ನು ಅಳೆಯುವುದಿಲ್ಲ, ಆಮ್ಲಜನಕವನ್ನು ಮಾತ್ರ ಅಳೆಯುತ್ತದೆ. ಒಂದು ಪ್ಲಗ್ ಸರಿಯಾಗಿ ಕಿಡಿ ಹಾರಿಸದಿದ್ದರೆ ಆ ಸಿಲಿಂಡರಿನ ಗಾಳಿ ಹಾಗೆಯೇ ಹೊರಗೆ ಬರುತ್ತದೆ. ಸೈಲೆನ್ಸರಿನಿಂದ ಹಸಿ ಪೆಟ್ರೋಲ್ ವಾಸನೆ ಬರುತ್ತಿದ್ದರೂ ಸೆನ್ಸರ್ ‘ಆಮ್ಲಜನಕ ಜಾಸ್ತಿ’ ಎನ್ನುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಕೊಡುತ್ತದೆ. ನಮ್ಮ ಮಳೆಗೆ ಸೈಲೆನ್ಸರ್ ಕೊಳವೆ ತುಕ್ಕು ಹಿಡಿದು, ಸೆನ್ಸರಿಗಿಂತ ಮುಂಚಿನ ಜೋಡಣೆಯಲ್ಲಿ ಸಣ್ಣ ತೂತು ಬಿದ್ದರೂ ಇದೇ ಕಥೆ: ಹೊಗೆಯ ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಗೆ ಎಳೆಯಲ್ಪಡುತ್ತದೆ. ಸೆನ್ಸರ್ ಕಂಡದ್ದನ್ನೇ ಹೇಳಿದೆ. ಅದನ್ನು ಕಿತ್ತು ಹೊಸದು ಹಾಕುವುದೆಂದರೆ ಸುದ್ದಿ ತಂದವನನ್ನು ಹೊಡೆದಂತೆ. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0171 ಬಂದರೆ ಅದರ ಅರ್ಥ ‘ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ’ ಎಂದೇ ಹೊರತು ‘ಸೆನ್ಸರ್ ಹಾಳು’ ಎಂದಲ್ಲ. ಪಿ0135 ಬಂದರೆ ಅದು ಸೆನ್ಸರಿನ ಒಳಗಿನ ಹೀಟರ್ ಸರ್ಕ್ಯೂಟಿನ ದೋಷ; ಆಗ ಫ್ಯೂಸ್ ಮತ್ತು ವೈರ್ ನೋಡಿ, ನಂತರ ಸೆನ್ಸರನ್ನು ಶಂಕಿಸಬಹುದು. ಪಿ0133 ಅದು ನಿಧಾನವಾಗಿರುವುದನ್ನು ಹೇಳುತ್ತದೆ, ವಯಸ್ಸಾದ ಸೆನ್ಸರಿನ ಸಾಮಾನ್ಯ ಲಕ್ಷಣ.

ಸ್ಕ್ಯಾನರ್ ಸಿಗದಿದ್ದರೆ ಡಿಜಿಟಲ್ ಮಲ್ಟಿಮೀಟರ್ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 2,000 ಆರ್‌ಪಿಎಂ ಸುತ್ತಿನಲ್ಲಿ ಹಿಡಿದು ಸಿಗ್ನಲ್ ವೈರ್ ನೋಡಿ. ಅಂಕಿ 0.1ಕ್ಕೂ 0.9ಕ್ಕೂ ನಡುವೆ ಜಿಗಿಯುತ್ತಲೇ ಇರಬೇಕು. 0.45ರ ಬಳಿ ಅಲುಗಾಡದೆ ನಿಂತರೆ ಸೆನ್ಸರ್ ಸತ್ತಿರಬಹುದು, ವೈರ್ ತುಂಡಾಗಿರಲೂಬಹುದು. ಮಳೆಗಾಲದಲ್ಲಿ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತ ಕಾರಿನ ವೈರುಗಳನ್ನು ಇಲಿ ಕಡಿಯುವುದು ತೋಟದ ಮನೆಯವರಿಗೆ ಹೊಸತಲ್ಲ, ಅದನ್ನೂ ನೋಡಿ.

ನಿಜಕ್ಕೂ ಸೆನ್ಸರ್ ಕೆಡಲು ಕಾರಣಗಳಿವೆ. ಎಂಜಿನ್ ಆಯಿಲ್ ಉರಿಸುತ್ತಿದ್ದರೆ ಅದರ ರಂಜಕ ತುದಿಗೆ ಅಂಟುತ್ತದೆ. ಎಂಜಿನ್ ಬಿಚ್ಚಿದಾಗ ಹಚ್ಚಿದ ಸಿಲಿಕೋನ್ ಸೀಲಂಟಿನ ಆವಿ ತುದಿಯಲ್ಲಿ ಬಿಳಿ ಪದರವಾಗಿ ಕೂರುತ್ತದೆ. ತುದಿ ಬಿಳಿಯಾಗಿದ್ದರೆ ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವ ಒಳಗೆ ಸೋರುತ್ತಿದೆಯೇ ಎಂಬುದನ್ನೂ ನೋಡಬೇಕು, ಇಲ್ಲದಿದ್ದರೆ ಹೊಸ ಸೆನ್ಸರಿಗೂ ಅದೇ ಗತಿ. ಕಾದ ಪಿಂಗಾಣಿಗೆ ತಣ್ಣೀರು ಬಿದ್ದರೆ ಅದು ಒಡೆಯಬಹುದು. ಮೊಣಕಾಲೆತ್ತರದ ನೀರಿನಲ್ಲಿ ಕಾರು ನುಗ್ಗಿಸುವವರು ನೆನಪಿಡಬೇಕು.

ಬದಲಿಸುವ ಕೆಲಸದಲ್ಲಿ ಕಷ್ಟವಿರುವುದು ಬಿಚ್ಚುವುದರಲ್ಲಿ. ನಟ್ಟಿನ ಅಳತೆ ಸಾಮಾನ್ಯವಾಗಿ 22 ಮಿ.ಮೀ., ಥ್ರೆಡ್ 18 ಮಿ.ಮೀ. ವೈರ್ ಹೊರಗೆ ಬರಲು ಒಂದು ಬದಿ ಸೀಳಿರುವ ಸಾಕೆಟ್ ಸಿಗುತ್ತದೆ. ಹಿಂದಿನ ದಿನ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಎಂಜಿನ್ನನ್ನು ಸ್ವಲ್ಪ ಬೆಚ್ಚಗೆ ಮಾಡಿ, ಕೈಗವಸು ಹಾಕಿಕೊಂಡು ಬಿಚ್ಚಿ. ಬಲವಂತ ಮಾಡಿದರೆ ಮ್ಯಾನಿಫೋಲ್ಡಿನ ಥ್ರೆಡ್ಡೇ ಕಿತ್ತು ಬರುತ್ತದೆ. ಹೊಸ ಸೆನ್ಸರಿನ ಥ್ರೆಡ್ಡಿಗೆ ಕಂಪನಿಯವರೇ ಪೇಸ್ಟ್ ಹಚ್ಚಿರುತ್ತಾರೆ. ಇಲ್ಲವಾದರೆ ಶಾಖ ತಡೆಯುವ ಆಂಟಿ-ಸೀಜ್ ಪೇಸ್ಟನ್ನು ಥ್ರೆಡ್ಡಿಗೆ ಮಾತ್ರ ಹಚ್ಚಿ, ತುದಿಗೆ ತಾಗಿಸಬಾರದು. ಮೊದಲು ಕೈಯಲ್ಲೇ ತಿರುಗಿಸಿ, ನಂತರ ಸುಮಾರು 40 ನ್ಯೂಟನ್ ಮೀಟರಿಗೆ ಬಿಗಿ ಮಾಡಿ.

ಕನೆಕ್ಟರ್ ಇಲ್ಲದೆ ವೈರ್ ಮಾತ್ರ ಇರುವ ಅಗ್ಗದ ಸೆನ್ಸರುಗಳ ವಿಷಯದಲ್ಲಿ ಎಚ್ಚರ ಬೇಕು. ಬಾಷ್ ಸೆನ್ಸರಿನಲ್ಲಿ ಕಪ್ಪು ವೈರ್ ಸಿಗ್ನಲ್, ಬಿಳಿ ಎರಡು ಹೀಟರಿನವು. ಡೆನ್ಸೊ ಕಂಪನಿಯ ಸೆನ್ಸರಿನಲ್ಲಿ ಕಪ್ಪು ಎರಡು ಹೀಟರಿನವು, ನೀಲಿ ಸಿಗ್ನಲ್. ಬಣ್ಣಕ್ಕೆ ಬಣ್ಣ ಜೋಡಿಸಿದರೆ ಸೆನ್ಸರ್ ಅಂದೇ ಸುಟ್ಟೀತು. ಜೋಡಿಸುವಾಗ ಬೆಸುಗೆ ಹಾಕುವುದೂ ತಪ್ಪು, ಕನೆಕ್ಟರಿನೊಳಗೆ ಗ್ರೀಸ್ ತುಂಬುವುದೂ ತಪ್ಪು. ಏಕೆಂದರೆ ಅನೇಕ ಸೆನ್ಸರುಗಳಲ್ಲಿ ಒಳಮೈಗೆ ಬೇಕಾದ ಹೊರಗಿನ ಗಾಳಿ ಹೋಗುವುದು ವೈರಿನ ಎಳೆಗಳ ಸಂದಿನಲ್ಲಿಯೇ. ಮಳೆನೀರು ಹೋಗಬಾರದೆಂದು ಎಲ್ಲವನ್ನೂ ಗ್ರೀಸಿನಿಂದ ಮುಚ್ಚುವ ಅಭ್ಯಾಸ ಬೇರೆ ಕನೆಕ್ಟರುಗಳಿಗೆ ಒಳ್ಳೆಯದೇ ಇರಬಹುದು, ಇಲ್ಲಿ ಮಾತ್ರ ಬೇಡ.

ಹೊಸ ಕಾರುಗಳಲ್ಲಿ, ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಆಚೆ ಎರಡನೆಯ ಸೆನ್ಸರ್ ಇರುತ್ತದೆ. ಅದು ಮುಖ್ಯವಾಗಿ ಕನ್ವರ್ಟರಿನ ಕೆಲಸ ನೋಡಲು ಇರುವಂಥದ್ದು, ಮೈಲೇಜ್ ಇಳಿದರೆ ಅದನ್ನು ಬದಲಿಸುವ ಅಗತ್ಯ ಬರುವುದು ಅಪರೂಪ.

ಹಾಕಿದ ಮೇಲೆ ಹಳೆಯ ಕೋಡ್ ಅಳಿಸಿ, ಮಡಿಕೇರಿಯಿಂದ ಸುಂಟಿಕೊಪ್ಪದವರೆಗೆ ಓಡಿಸಿ ಬಂದು ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಅಂಕಿ ಕೇಳಿ. ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡ ತಿದ್ದುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕಾದ್ದರಿಂದ ಇಪ್ಪತ್ತು ಶೇಕಡ ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಿದ ಹಳೆಯ ಕಾರಿನಲ್ಲಿ ಆ ಅಂಕಿ ಸ್ವಲ್ಪ ಏರಿರುವುದು ಸಹಜ. ಹೊಸ ಸೆನ್ಸರ್ ಹಾಕಿದ ಮೇಲೂ ಅದು ಇಪ್ಪತ್ತು ಶೇಕಡ ದಾಟಿ ನಿಂತರೆ, ಸೈಲೆನ್ಸರಿನ ಸೋರಿಕೆ, ವ್ಯಾಕ್ಯೂಮ್ ಪೈಪಿನ ಬಿರುಕು ಮತ್ತು ಪೆಟ್ರೋಲಿನ ಒತ್ತಡವನ್ನು ಮೆಕ್ಯಾನಿಕ್ ಇನ್ನೂ ನೋಡಬೇಕಿದೆ.