ಸಪ್ತಾಪುರದ ತರಗತಿಗಳಿಗೆ ಇಂಗ್ಲಿಷ್‌ನ ‘ರೂಲ್’ಗಳು ಬಂದ ದಾರಿ

ಧಾರವಾಡದ ಸಪ್ತಾಪುರದ ಕೋಚಿಂಗ್ ತರಗತಿಗಳಲ್ಲಿ ಬ್ಯಾಂಕ್ ಮತ್ತು ಎಸ್‌ಎಸ್‌ಸಿ (ಕೇಂದ್ರ ಸರ್ಕಾರಿ ನೌಕರಿಯ) ಪರೀಕ್ಷೆಗಳಿಗೆ ಓದುವವರು ಇಂಗ್ಲಿಷ್ ವ್ಯಾಕರಣದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು: ವಾಕ್ಯವನ್ನು ಪ್ರಿಪೊಸಿಷನ್‌ನಿಂದ (‘ಟು’, ‘ಫ್ರಮ್’ನಂಥ ಪದದಿಂದ) ಮುಗಿಸಬಹುದೇ, ‘ಲೆಸ್’ ಎಲ್ಲಿ ಬರಬೇಕು, ‘ಫ್ಯೂಅರ್’ ಎಲ್ಲಿ ಬರಬೇಕು, ‘ಸಿನ್ಸ್’ಗೂ ‘ಫಾರ್’ಗೂ ವ್ಯತ್ಯಾಸವೇನು. ಎಲ್ಲಕ್ಕೂ ‘ಇದು ರೂಲ್’ ಎಂಬ ಉತ್ತರವೇ ಸಿಗುತ್ತದೆಯಾದರೂ, ಮೊದಲಿನವು ಇಂಗ್ಲೆಂಡಿನ ಕೆಲವರ ಅಭಿರುಚಿಯಿಂದ ಹುಟ್ಟಿದವು. ಕೊನೆಯದು ಮಾತ್ರ ನಿಜವಾಗಿಯೂ ನಮ್ಮ ತೊಡಕು.

1672ರಲ್ಲಿ ಕವಿ ಜಾನ್ ಡ್ರೈಡನ್, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಬರವಣಿಗೆಯಲ್ಲಿ ಪ್ರಿಪೊಸಿಷನ್ ಕೊನೆಗೆ ಬರುವುದನ್ನು ದೋಷವೆಂದು ಎತ್ತಿ ತೋರಿಸಿದನು. ಮುಂದೆ ತನ್ನದೇ ಹಳೆಯ ಪ್ರಬಂಧವನ್ನು ಮತ್ತೆ ಅಚ್ಚಿಗೆ ಕೊಡುವಾಗ ಅಂಥ ವಾಕ್ಯಗಳನ್ನು ತಿದ್ದಿದನು. ಸಾಮಾನ್ಯವಾಗಿ ಪ್ರಿಪೊಸಿಷನ್ ವಾಕ್ಯದ ಕೊನೆಗೆ ಬರದ ಲ್ಯಾಟಿನ್ ಅನ್ನೇ ಮೇಲ್ಪಂಕ್ತಿಯಾಗಿ ನೋಡುತ್ತಿದ್ದ ಕಾಲವದು. 1762ರಲ್ಲಿ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್, ಈ ಪ್ರಯೋಗವು ಮಾತಿನಲ್ಲೂ ಸರಳ ಬರಹದಲ್ಲೂ ಸಹಜ, ಗಂಭೀರ ಶೈಲಿಗೆ ಮಾತ್ರ ಅಷ್ಟು ಒಪ್ಪದು ಎಂದಷ್ಟೇ ಹೇಳಿದ್ದನು. ಹಾಗೆ ಹೇಳುವ ವಾಕ್ಯದಲ್ಲೇ ‘ಇನ್‌ಕ್ಲೈನ್ಡ್ ಟು’ ಎಂದು ಒಂದು ತುಂಡನ್ನು ಪ್ರಿಪೊಸಿಷನ್‌ನಿಂದಲೇ ಮುಗಿಸಿದ್ದನು. ಇಂಥ ಸಲಹೆಗಳು ಶಾಲಾ ಪುಸ್ತಕಗಳಿಗೆ ಇಳಿದ ಮೇಲೆ ನಿಷೇಧಗಳಾದವು. ‘ಫ್ಯೂಅರ್’ ಕಥೆಯೂ ಇದೇ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ, ಎಣಿಸಬಹುದಾದವುಗಳಿಗೆ ಆ ಪದ ಹೆಚ್ಚು ಸೊಗಸೆಂದು ತನಗೆ ತೋರುತ್ತದೆ ಎಂದು ಬರೆದನು. ಅದಕ್ಕೂ ಹಲವು ಶತಮಾನಗಳ ಹಿಂದಿನಿಂದ ಇಂಗ್ಲಿಷರು ‘ಲೆಸ್’ ಅನ್ನು ಎಣಿಸಬಹುದಾದವುಗಳಿಗೂ ಎಣಿಸಲಾಗದವುಗಳಿಗೂ ಬಳಸುತ್ತಲೇ ಇದ್ದರು.

ಬ್ರಿಟಿಷರ ಆಳ್ವಿಕೆಯಲ್ಲಿ ಧಾರವಾಡ ಮುಂಬಯಿ ಪ್ರಾಂತ್ಯದ ಭಾಗವಾಗಿತ್ತು. ಇಂದಿಗೂ ಇಲ್ಲಿನ ಪುಸ್ತಕದಂಗಡಿಗಳಲ್ಲಿ ‘ರೆನ್ ಅಂಡ್ ಮಾರ್ಟಿನ್’ ಎಂದರೆ ಸಾಕು, ಯಾವ ಇಂಗ್ಲಿಷ್ ವ್ಯಾಕರಣ ಪುಸ್ತಕವೆಂದು ಬಿಡಿಸಿ ಹೇಳಬೇಕಿಲ್ಲ. ಅದರ ಕರ್ತೃಗಳಲ್ಲಿ ಒಬ್ಬರಾದ ಪಿ. ಸಿ. ರೆನ್ ಇದೇ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದವರು. ಪುಸ್ತಕ ಅಚ್ಚುಕಟ್ಟಾಗಿದೆ, ಆದರೆ ಕನ್ನಡದ ಹುಡುಗರನ್ನು ಕಣ್ಮುಂದೆ ಇಟ್ಟುಕೊಂಡು ಬರೆದದ್ದಲ್ಲ.

ಕನ್ನಡದಲ್ಲಿ ‘ಸೋಮವಾರದಿಂದ ಮಳೆ ಬರುತ್ತಿದೆ’ ಎಂದರೂ ‘ಮೂರು ದಿನದಿಂದ ಮಳೆ ಬರುತ್ತಿದೆ’ ಎಂದರೂ ಪ್ರತ್ಯಯ ಒಂದೇ, ಕ್ರಿಯಾಪದವೂ ವರ್ತಮಾನದ್ದೇ. ಇಂಗ್ಲಿಷ್ ಆರಂಭದ ಬಿಂದುವಿಗೆ ‘ಸಿನ್ಸ್’, ಕಳೆದ ಅವಧಿಗೆ ‘ಫಾರ್’ ಎಂದು ಬೇರ್ಪಡಿಸಿ, ಕ್ರಿಯಾಪದಕ್ಕೆ ‘ಹ್ಯಾಸ್ ಬೀನ್’ ಬೇಡುತ್ತದೆ. ಹೀಗಾಗಿ ‘ಇಟ್ ಈಸ್ ರೇನಿಂಗ್ ಸಿನ್ಸ್ ತ್ರೀ ಡೇಸ್’ ಎಂದು ಬರೆದ ವಿದ್ಯಾರ್ಥಿ ಒಂದೇ ವಾಕ್ಯದಲ್ಲಿ ಎರಡು ಕಡೆ ತಪ್ಪುತ್ತಾನೆ, ಎರಡೂ ಕನ್ನಡದ ಲೆಕ್ಕದಲ್ಲಿ ಸರಿಯಾದವೇ. ‘ಎ’, ‘ದಿ’ಗಳ ಗೊಂದಲವೂ ಇಂಥದ್ದೇ, ಆದರೆ ಅಲ್ಲಿ ಕನ್ನಡವೇ ನೆರವಿಗೆ ಬರುತ್ತದೆ: ‘ಪುಸ್ತಕ ಕೊಂಡೆ’ ಎಂಬಲ್ಲಿ ಯಾವುದೋ ಪುಸ್ತಕ, ‘ಪುಸ್ತಕವನ್ನು ಕೊಂಡೆ’ ಎಂಬಲ್ಲಿ ಸಾಮಾನ್ಯವಾಗಿ ಗೊತ್ತಿರುವ ಪುಸ್ತಕ. ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ‘ಫ್ಯೂಅರ್’ಗೆ ಅಂಕವಿರುವಷ್ಟು ಕಾಲ ಅದನ್ನು ಕಂಠಪಾಠ ಮಾಡಲೇಬೇಕು, ಅದಕ್ಕೆ ಹತ್ತು ನಿಮಿಷ ಸಾಕು, ತರಗತಿಯ ಉಳಿದ ಹೊತ್ತು ‘ಇಂದ’ ಮತ್ತು ‘ಅನ್ನು’ ಪ್ರತ್ಯಯಗಳ ಕಡೆಗೆ ಹೋಗುವುದು ಲೇಸು.