ಬಾಟಲಿ ಹುಟ್ಟುವ ಮೊದಲಿನ ಹೊಗೆ

ಪ್ಲಾಸ್ಟಿಕ್ ಎಂದಾಕ್ಷಣ ಕಣ್ಣಮುಂದೆ ಬರುವುದು ಕಸ. ಚರಂಡಿಗೆ ಅಡ್ಡ ಬಿದ್ದ ಚೀಲ, ದಡಕ್ಕೆ ಬಂದ ಬಾಟಲಿ, ಆಮೆಯ ಹೊಟ್ಟೆಯಲ್ಲಿ ಸಿಕ್ಕ ಚೂರು. ಬಿಸಾಡಿದ ಮೇಲೆ ಪ್ಲಾಸ್ಟಿಕ್ ಏನೇನು ಅನಾಹುತ ಮಾಡುತ್ತದೆ ಎಂಬುದನ್ನು ಈಗ ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ನಮ್ಮ ಕೈ ಸೇರುವ ಮೊದಲೇ ಅದು ಎಷ್ಟು ಹೊಗೆ ಉಗುಳಿ ಬಂದಿದೆ, ಯಾರ ಮೈ ಕೆಡಿಸಿ ಬಂದಿದೆ ಎಂದು ಕೇಳುವವರು ಕಡಿಮೆ. ನನ್ನನ್ನು ಕಾಡುವುದು ಈ ಪ್ರಶ್ನೆ.

ತಯಾರಿಕಾ ಘಟಕದಿಂದ ಹೊರಬೀಳುವ ಪ್ಲಾಸ್ಟಿಕ್‌ಗೆ ಇನ್ನೂ ಬಾಟಲಿಯ ರೂಪ ಇರುವುದಿಲ್ಲ. ಅದು ಬೇಳೆಕಾಳಿನಷ್ಟು ದಪ್ಪದ, ಮಾಸಲು ಬಿಳಿಯ ಹರಳು. ಉದ್ಯಮದವರ ಬಾಯಲ್ಲಿ ಗ್ರಾನ್ಯೂಲ್ಸ್. ಅಂಗೈಯಲ್ಲಿ ಹಿಡಿದರೆ ನುಣುಪಾಗಿ ಜಾರುತ್ತದೆ, ಯಾವ ಅಪಾಯವೂ ಕಾಣುವುದಿಲ್ಲ. ಆ ಒಂದು ಹಿಡಿ ಹರಳಿನ ಹಿಂದೆ ಒಂದು ದೊಡ್ಡ ಕುಲುಮೆ ಇದೆ.

ಇಂದು ತಯಾರಾಗುವ ಪ್ಲಾಸ್ಟಿಕ್‌ನಲ್ಲಿ ಬಹುಪಾಲು ಕಚ್ಚಾತೈಲ ಅಥವಾ ನೈಸರ್ಗಿಕ ಅನಿಲದಿಂದ ಬಂದದ್ದು. ತೈಲದಿಂದ ಸಿಗುವ ನ್ಯಾಫ್ತಾವನ್ನೋ ಅನಿಲದಿಂದ ಸಿಗುವ ಈಥೇನನ್ನೋ ನೀರಾವಿಯೊಂದಿಗೆ ಬೆರೆಸಿ, ಸುಮಾರು 850 ಡಿಗ್ರಿ ಸೆಲ್ಸಿಯಸ್ ಬಿಸಿಯ ಕೊಳವೆಗಳ ಮೂಲಕ ಹಾಯಿಸುತ್ತಾರೆ. ಅಲ್ಲಿ ಅದು ಇರುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು. ಅಷ್ಟರಲ್ಲೇ ಅಣುಗಳು ಒಡೆದು, ಪ್ಲಾಸ್ಟಿಕ್‌ಗೆ ಮೂಲವಾದ ಎಥಿಲೀನ್ ಅನಿಲ ಹುಟ್ಟುತ್ತದೆ. ಒಡೆಯುವ ಕೆಲಸವಾದ್ದರಿಂದ ಈ ಘಟಕಕ್ಕೆ ಕ್ರ್ಯಾಕರ್ ಎಂದೇ ಹೆಸರು. ಎಥಿಲೀನನ್ನು ಉಳಿದ ಅನಿಲಗಳಿಂದ ಬೇರ್ಪಡಿಸಬೇಕಾದರೆ ಅದೇ ಮಿಶ್ರಣವನ್ನು ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ ತಣಿಸಬೇಕು. ಮೊದಲು ಕೆಂಡದಂಥ ಬಿಸಿ, ಆಮೇಲೆ ಊಹೆಗೂ ಸಿಗದ ಚಳಿ. ಎರಡಕ್ಕೂ ಇಂಧನ ಉರಿಯಲೇಬೇಕು, ಹಗಲು ರಾತ್ರಿ.

ಅಮೆರಿಕದ ಲಾರೆನ್ಸ್ ಬರ್ಕ್‌ಲಿ ರಾಷ್ಟ್ರೀಯ ಪ್ರಯೋಗಾಲಯ 2024ರಲ್ಲಿ ಇದರ ಲೆಕ್ಕ ಹಾಕಿತು. 2019ರಲ್ಲಿ ಹೊಸ ಪ್ಲಾಸ್ಟಿಕ್ ತಯಾರಿಕೆಯಿಂದ ಹೊರಬಿದ್ದ ಹಸಿರುಮನೆ ಅನಿಲಗಳು ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 224 ಕೋಟಿ ಟನ್. ಕೃಷಿ ಮತ್ತು ಭೂಬಳಕೆಯ ಪಾಲನ್ನು ಬಿಟ್ಟರೆ, ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಶೇ. 5.3. ಇದರಲ್ಲಿ ಮುಕ್ಕಾಲು ಭಾಗ, ಸಣ್ಣ ಅಣುಗಳು ಸರಪಳಿಯಾಗಿ ಬೆಸೆದು ಪಾಲಿಮರ್ ರೂಪುಗೊಳ್ಳುವ ಮೊದಲೇ, ಅಂದರೆ ತೈಲ, ಅನಿಲದ ಬಾವಿಯಿಂದ ಕ್ರ್ಯಾಕರ್‌ವರೆಗಿನ ದಾರಿಯಲ್ಲೇ ಗಾಳಿ ಸೇರಿರುತ್ತದೆ. 1950ರಲ್ಲಿ ಇಡೀ ಜಗತ್ತು ವರ್ಷಕ್ಕೆ ಸುಮಾರು 20 ಲಕ್ಷ ಟನ್ ಪ್ಲಾಸ್ಟಿಕ್ ತಯಾರಿಸುತ್ತಿತ್ತು. 2019ರ ಹೊತ್ತಿಗೆ ಅದು 46 ಕೋಟಿ ಟನ್ ಮುಟ್ಟಿತ್ತು. ಉತ್ಪಾದನೆ ವರ್ಷಕ್ಕೆ ಶೇ. 4ರಂತೆ ಬೆಳೆದರೆ 2050ಕ್ಕೆ ಹೊರಸೂಸುವಿಕೆ ಮೂರು ಪಟ್ಟಾಗುತ್ತದೆ ಎಂಬುದು ಅದೇ ಪ್ರಯೋಗಾಲಯದ ಅಂದಾಜು.

ವಿದ್ಯುತ್ತಿನಿಂದ ಕಾಯುವ ಕುಲುಮೆಗಳ ಪ್ರಯೋಗ ನಡೆದಿದೆ, ನಡೆಯಲಿ. ಆದರೆ ಬಾವಿಯ ಬಾಯಿಂದಲೂ ಕೊಳವೆಗಳಿಂದಲೂ ಸೋರುವ ಮೀಥೇನನ್ನು ಅದು ತಡೆಯುವುದಿಲ್ಲ. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ.

ಇನ್ನು ಮನುಷ್ಯರ ಮಾತು. ನೀರಿನ ಪೈಪಿಗೆ ಬಳಸುವ ಪಿವಿಸಿ ಎಂಬ ಪ್ಲಾಸ್ಟಿಕ್ ತಯಾರಾಗುವುದು ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ. ದೊಡ್ಡ ಹಂಡೆಗಳಂಥ ರಿಯಾಕ್ಟರುಗಳಲ್ಲಿ ಅದನ್ನು ಪಾಲಿಮರ್ ಆಗಿಸುತ್ತಾರೆ. ಪ್ರತಿ ಸಲವೂ ಒಳಗೋಡೆಗೆ ಪಿವಿಸಿ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತಿತ್ತು. ಹಿಂದೆ ಕಾರ್ಮಿಕರು ಆ ಹಂಡೆಯೊಳಗೆ ಇಳಿದು, ಉಳಿದ ಅನಿಲದ ನಡುವೆ ನಿಂತು, ಉಳಿಯಿಂದ ಅದನ್ನು ಕೆರೆದು ತೆಗೆಯುತ್ತಿದ್ದರು. 1960ರ ದಶಕದಲ್ಲಿ ಅವರಲ್ಲಿ ಕೆಲವರ ಬೆರಳು ತಣ್ಣಗಾಗಿ ಜೋಮು ಹಿಡಿಯತೊಡಗಿತು. ಎಕ್ಸ್‌ರೇ ತೆಗೆದರೆ ಬೆರಳ ತುದಿಯ ಮೂಳೆಯೇ ಕರಗಿತ್ತು.

ಅದು ಮೊದಲ ಎಚ್ಚರಿಕೆ. ಇಟಲಿಯ ಬೊಲೊನ್ಯಾದಲ್ಲಿ ಸಂಶೋಧಕ ಚೆಸಾರೆ ಮಾಲ್ತೋನಿ ಇಲಿಗಳಿಗೆ ಈ ಅನಿಲ ಕೊಟ್ಟು ನೋಡಿದಾಗ ಅವಕ್ಕೆ ಯಕೃತ್ತಿನಲ್ಲಿ ಆಂಜಿಯೊಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. 1974ರ ಜನವರಿಯಲ್ಲಿ ಅಮೆರಿಕದ ಕೆಂಟಕಿಯ ಲೂಯಿವಿಲ್‌ನಿಂದ ಸುದ್ದಿ ಹೊರಬಿತ್ತು: ಅದೇ ಕ್ಯಾನ್ಸರ್ ಒಂದೇ ಪಿವಿಸಿ ಘಟಕದ ಕಾರ್ಮಿಕರಲ್ಲಿ. ಅದನ್ನು ಗುರುತಿಸಿದವರು ಅಲ್ಲಿನ ವೈದ್ಯ ಜಾನ್ ಕ್ರೀಚ್. ವೈದ್ಯರೊಬ್ಬರು ಇಡೀ ವೃತ್ತಿಜೀವನದಲ್ಲಿ ಒಂದನ್ನೂ ಕಾಣದಿರಬಹುದಾದ ಕಾಯಿಲೆ ಒಂದೇ ಗೇಟಿನೊಳಗೆ ಮೂರು ಮಂದಿಗೆ ಬಂದಿತ್ತು. ಅಲ್ಲಿಯವರೆಗೆ ಕೆಲಸದ ಜಾಗದ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 500 ಭಾಗದಷ್ಟು ವಿನೈಲ್ ಕ್ಲೋರೈಡ್ ಇರಲು ಅಮೆರಿಕದ ನಿಯಮದಲ್ಲಿ ಅವಕಾಶವಿತ್ತು. ಆಮೇಲೆ ಅದನ್ನು 1 ಭಾಗಕ್ಕೆ ಇಳಿಸಿದರು. 500ರಿಂದ ಒಂದಕ್ಕೆ! ಅಷ್ಟು ಕಠಿಣ ನಿಯಮ ಬಂದರೆ ಉದ್ಯಮ ಮುಚ್ಚಿಹೋಗುತ್ತದೆ ಎಂಬ ಕೂಗು ಎದ್ದಿತ್ತು. ಮುಚ್ಚಲಿಲ್ಲ, ಪಿವಿಸಿ ಉತ್ಪಾದನೆ ಬೆಳೆಯುತ್ತಲೇ ಹೋಯಿತು. ಉತ್ಪಾದನೆಗೆ ಕಡಿವಾಣ ಬೇಡ, ಆರ್ಥಿಕತೆ ಕುಸಿಯುತ್ತದೆ ಎಂಬ ವಾದ ಕೇಳಿದಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಗೇಟಿನ ಆಚೆಯವರ ಕಷ್ಟ ಬೇರೆ. ಅವರಿಗೆ ಸಂಬಳವೂ ಇಲ್ಲ, ಮುಖಗವಸೂ ಇಲ್ಲ. ಅಮೆರಿಕದ ಲೂಸಿಯಾನದಲ್ಲಿ ಬ್ಯಾಟನ್ ರೂಜ್‌ನಿಂದ ನ್ಯೂ ಆರ್ಲಿಯನ್ಸ್‌ವರೆಗೆ ಮಿಸಿಸಿಪಿ ನದಿಯ ದಂಡೆಯಲ್ಲಿ ಪೆಟ್ರೋಕೆಮಿಕಲ್ ಘಟಕಗಳು ಸಾಲುಗಟ್ಟಿ ನಿಂತಿವೆ. ಜನರು ಆ 85 ಮೈಲಿಗೆ ‘ಕ್ಯಾನ್ಸರ್ ಓಣಿ’ ಎಂದೇ ಹೆಸರಿಟ್ಟಿದ್ದಾರೆ. ಘಟಕಗಳ ಪಕ್ಕದಲ್ಲಿ ಬದುಕುತ್ತಿರುವವರಲ್ಲಿ ಹೆಚ್ಚಿನವರು ಕಪ್ಪುಜನರು, ಬಡವರು. ರಕ್ತದ ಕ್ಯಾನ್ಸರ್‌ಗೆ ಕಾರಣವಾಗುವ ಬೆಂಜೀನ್, ಬ್ಯುಟಡೈಈನ್‌ಗಳ ಜೊತೆಗೆ ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳನ್ನೂ ಇಂಥ ಘಟಕಗಳು ಹೊರಬಿಡುತ್ತವೆ. ಕರೆಂಟು ಹೋದಾಗ, ಯಂತ್ರ ಕೆಟ್ಟಾಗ ಒಳಗಿನ ಅನಿಲವನ್ನೆಲ್ಲ ಎತ್ತರದ ಕೊಳವೆಯ ತುದಿಯಲ್ಲಿ ಸುಡುತ್ತಾರೆ. ಆ ರಾತ್ರಿ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ.

ಇಂಜೆಕ್ಷನ್ ಸಿರಿಂಜು, ರಕ್ತದ ಚೀಲ ಪ್ಲಾಸ್ಟಿಕ್‌ನವೇ, ಅವು ಬೇಕು. ಆದರೆ ಪ್ಲಾಸ್ಟಿಕ್ ಕಸದಲ್ಲಿ ಸುಮಾರು ಶೇ. 40 ಬರೀ ಪ್ಯಾಕಿಂಗ್. ಮರುಬಳಕೆಯಾಗುವುದು ಶೇ. 9ರಷ್ಟು ಮಾತ್ರ. ಹೀಗಿರುವಾಗ ಕಸದ ಬುಟ್ಟಿಯ ಬಣ್ಣ ಬದಲಿಸಿ ಈ ಹೊಗೆಯನ್ನು ತಗ್ಗಿಸಬಹುದು ಎಂದು ನಾನು ನಂಬಲಾರೆ. ಕ್ರ್ಯಾಕರ್‌ಗೆ ಹೋಗುವ ತೈಲ, ಅನಿಲವೇ ಕಡಿಮೆಯಾಗಬೇಕು.

2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಪ್ಲಾಸ್ಟಿಕ್ ಒಪ್ಪಂದವೊಂದನ್ನು ರೂಪಿಸಲು ತೀರ್ಮಾನಿಸಿತು. ಪ್ಲಾಸ್ಟಿಕ್‌ನ ‘ಪೂರ್ಣ ಜೀವನಚಕ್ರ’ ಅದರ ವ್ಯಾಪ್ತಿಗೆ ಬರಬೇಕು ಎಂದೂ ನಿರ್ಣಯದಲ್ಲಿ ಬರೆದರು. ಅಂದಿನಿಂದ ಜಗಳ ನಡೆದಿರುವುದು ಆ ಚಕ್ರ ಎಲ್ಲಿಂದ ಶುರುವಾಗುತ್ತದೆ ಎಂಬುದರ ಮೇಲೆ. ನೂರಕ್ಕೂ ಹೆಚ್ಚು ದೇಶಗಳು ಉತ್ಪಾದನೆಯಿಂದಲೇ ಎಣಿಸೋಣ ಎನ್ನುತ್ತಿವೆ. ತೈಲ ಮಾರುವ ದೇಶಗಳು ಕಸದಿಂದ ಎಣಿಸೋಣ ಎನ್ನುತ್ತಿವೆ. 2024ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲೂ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಇದೇ ಪ್ರಶ್ನೆಗೆ ಬಂದು ಮಾತುಕತೆ ನಿಂತಿತು. ಎರಡೂ ಕಡೆಯಿಂದ ಪ್ರತಿನಿಧಿಗಳು ಒಪ್ಪಂದವಿಲ್ಲದೆ ಮರಳಿದರು.